ಮೋಲ್ ಲೆಕ್ಕದಲ್ಲಿ ಎಲ್ಲಿ ಗುಣಿಸಬೇಕು, ಎಲ್ಲಿ ಭಾಗಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೀರಿ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮ, ಮೋಲ್ ಪಾಠ ಶುರುವಾದಾಗಿನಿಂದ ರಸಾಯನಶಾಸ್ತ್ರ ಎಂದರೆ ತಲೆನೋವು. ವ್ಯಾಖ್ಯೆ ಬಾಯಿಪಾಠ ಬರುತ್ತದೆ, ಲೆಕ್ಕ ಬರುವುದಿಲ್ಲ. 6.022 × 10²³ರಿಂದ ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂಬುದಕ್ಕೆ ಸುಲಭ ಸೂತ್ರವಿದ್ದರೆ ತಿಳಿಸಿ ಎಂದಿದ್ದೀರಿ.

ಸೂತ್ರ ಕೊಡುವುದಿಲ್ಲ, ಬೇಸರ ಬೇಡ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇದೇ ವಿಷಯ ಕಲಿಸುವವನು. ಮೂರು ಮನೆಯ ತ್ರಿಕೋನ ಬರೆದು, ಬೇಕಾದ ಮನೆಯನ್ನು ಬೆರಳಿನಿಂದ ಮುಚ್ಚಿ ಉತ್ತರ ತೆಗೆಯುವ ಉಪಾಯವನ್ನು ಎಲ್ಲಿಂದಲೋ ಕಲಿತುಬಂದ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ನೇರವಾದ ಲೆಕ್ಕಗಳಿಗೆ ಅದು ಒದಗುತ್ತದೆ. ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿದರೆ ಸಾಕು, ಬೆರಳು ಎಲ್ಲಿಡಬೇಕೆಂದು ತಿಳಿಯದೆ ಕುಳಿತುಬಿಡುತ್ತಾರೆ. ಮೋಲ್ ಏಕೆ ಬೇಕಾಯಿತು ಎಂಬುದು ಗೊತ್ತಿದ್ದರೆ ತ್ರಿಕೋನದ ಹಂಗೇ ಇರುವುದಿಲ್ಲ.

ರಾಸಾಯನಿಕ ಸಮೀಕರಣಕ್ಕೆ ಗೊತ್ತಿರುವುದು ಎಣಿಕೆ ಮಾತ್ರ. ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಕ್ಸಿಜನ್ ಅಣು, ಹುಟ್ಟುವುದು ಎರಡು ನೀರಿನ ಅಣು. ಅಲ್ಲಿ ಗ್ರಾಂ ಎಂಬ ಮಾತೇ ಇಲ್ಲ. ಪ್ರಯೋಗಾಲಯದ ತಕ್ಕಡಿಗೆ ಗೊತ್ತಿರುವುದು ಗ್ರಾಂ ಮಾತ್ರ. ಅಣುಗಳನ್ನು ಕೂತು ಎಣಿಸಲು ಯಾರಿಂದಲೂ ಆಗದು. ಸಾವಿರ ಮೊಳೆ ಕೇಳಿದರೆ ಹಾರ್ಡ್‌ವೇರ್ ಅಂಗಡಿಯವನು ಎಣಿಸುತ್ತಾ ಕೂರುವುದಿಲ್ಲ. ನೂರು ಮೊಳೆಯ ತೂಕ ನೋಡಿಕೊಂಡು ಅದರ ಹತ್ತರಷ್ಟು ತೂಗಿ ಕೊಡುತ್ತಾನೆ. ರಸಾಯನಶಾಸ್ತ್ರಜ್ಞರು ಮಾಡುವುದೂ ಅದನ್ನೇ. ಅವರ ‘ನೂರು’ ಸ್ವಲ್ಪ ದೊಡ್ಡದು, 6.022 × 10²³; ಅಷ್ಟು ಕಣಗಳ ಗುಂಪಿಗೆ ಒಂದು ಮೋಲ್ ಎಂದು ಹೆಸರು, ಅಷ್ಟೇ.

ಆ ಸಂಖ್ಯೆ 6.022 × 10²³ ಏಕೆ ಆಗಬೇಕಿತ್ತು, ಒಂದು ದುಂಡು ಸಂಖ್ಯೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವ ವಿದ್ಯಾರ್ಥಿಯೇ ನನಗೆ ಇಷ್ಟ. ಪರಮಾಣುಗಳ ತೂಕ ಹೇಳಲು ಒಂದು ಪುಟ್ಟ ಮಾನವಿದೆ: ಕಾರ್ಬನ್-12 ಪರಮಾಣುವಿನ ಹನ್ನೆರಡನೆಯ ಒಂದು ಭಾಗ. ಅದು ಸುಮಾರು 1.66 × 10⁻²⁴ ಗ್ರಾಂ. ಅಂಥ ಎಷ್ಟು ಪುಟ್ಟ ಮಾನಗಳು ಸೇರಿದರೆ ಒಂದು ಗ್ರಾಂ ಆಗುತ್ತದೆ? ಒಂದನ್ನು 1.66 × 10⁻²⁴ರಿಂದ ಭಾಗಿಸಿ ನೋಡಿ, 6.02 × 10²³ ಬರುತ್ತದೆ. ಗುಟ್ಟು ಇಷ್ಟೇ. ಒಂದು ನೀರಿನ ಅಣು 18 ಪುಟ್ಟ ಮಾನ ತೂಗಿದರೆ ಒಂದು ಮೋಲ್ ನೀರು 18 ಗ್ರಾಂ ತೂಗುವಂತೆ ಈ ಸಂಖ್ಯೆಯನ್ನು ಬೇಕೆಂದೇ ಹೊಂದಿಸಿಕೊಂಡಿದ್ದಾರೆ. ಗ್ರಾಂ ಬದಲು ನಮ್ಮ ಹಳೆಯ ತೊಲದಲ್ಲಿ ತೂಗುವ ರೂಢಿ ಜಗತ್ತಿಗೆಲ್ಲ ಇದ್ದಿದ್ದರೆ, ತೊಲಕ್ಕೆ 11.66 ಗ್ರಾಂನಂತೆ, ನೀವು ಇಂದು ಉರುಹೊಡೆಯುತ್ತಿದ್ದುದು ಸುಮಾರು 7.02 × 10²⁴ ಎಂದು. ಪ್ರಕೃತಿ ಎಲ್ಲೂ ಈ ಸಂಖ್ಯೆಯನ್ನು ಬರೆದಿಟ್ಟಿಲ್ಲ.

ಈ ಸಂಖ್ಯೆಗೆ ಯಾರ ಹೆಸರಿದೆಯೋ ಆ ಇಟಲಿಯ ವಿಜ್ಞಾನಿ ಅವೊಗಾಡ್ರೋಗೂ ಇದು ಗೊತ್ತಿರಲಿಲ್ಲ. 1811ರಲ್ಲಿ ಆತ ಹೇಳಿದ್ದು, ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮಾನ ಎಂದು ಮಾತ್ರ. ಸಂಖ್ಯೆಗೆ ಆತನ ಹೆಸರಿಟ್ಟವನು ಫ್ರಾನ್ಸಿನ ಜಾನ್ ಪೆರಾನ್, 1909ರಲ್ಲಿ, ಅವೊಗಾಡ್ರೋ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ. 2019ರ ಮೇ 20ರಿಂದ ಒಂದು ಮೋಲ್ ಎಂದರೆ ಕರಾರುವಾಕ್ಕಾಗಿ 6.02214076 × 10²³ ಕಣಗಳು. ಹಳೆಯ ಪುಸ್ತಕದಲ್ಲಿ ‘12 ಗ್ರಾಂ ಕಾರ್ಬನ್-12ರಲ್ಲಿ ಇರುವಷ್ಟು ಪರಮಾಣುಗಳು’ ಎಂದಿದ್ದರೆ ಗಾಬರಿಯಾಗಬೇಡಿ. ನಿಮ್ಮ ಲೆಕ್ಕಗಳಿಗೆ ಎರಡೂ ಒಂದೇ.

ಈಗ ಗುಣಾಕಾರ, ಭಾಗಾಕಾರದ ಮಾತು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಮಾನವನ್ನೂ ಅದು ಯಾವ ವಸ್ತುವಿನದು ಎಂಬುದನ್ನೂ ಬರೆಯಿರಿ. ಬರಿಯ 36 ಅಲ್ಲ, ‘36 ಗ್ರಾಂ ನೀರು’. ಬರಿಯ 18 ಅಲ್ಲ, ‘ಒಂದು ಮೋಲ್ ನೀರಿಗೆ 18 ಗ್ರಾಂ’. ಹೀಗೆ ಬರೆದ ಮೇಲೆ 36ರಲ್ಲಿ 18 ಎಷ್ಟು ಸಲ ಇದೆ ಎಂದು ಮನಸ್ಸೇ ಕೇಳುತ್ತದೆ. ಉತ್ತರ 2 ಮೋಲ್. ಮರೆತು ಗುಣಿಸಿದಿರಿ ಎನ್ನಿ, 648 ಬರುತ್ತದೆ, ಅದರ ಮಾನ ‘ಮೋಲ್‌ಗೆ ಗ್ರಾಂ ವರ್ಗ’ ಎಂಬ ವಿಚಿತ್ರ ಪ್ರಾಣಿ. ಅಂಥದ್ದು ಕಂಡೊಡನೆ ದಾರಿ ತಪ್ಪಿದೆ ಎಂದು ಗೊತ್ತಾಗಬೇಕು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ನಡೆಯಲಿ, ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಿರಿ. ಆದರೆ ಈ ‘ಒಂದು ಮೋಲ್‌ಗೆ ಎಷ್ಟು’ ಎಂಬ ಯೋಚನೆಯನ್ನು ಕನ್ನಡದಲ್ಲೇ ಮಾಡಿ. ಅದಕ್ಕೆ ಯಾರೂ ಅಂಕ ಕಡಿಯುವುದಿಲ್ಲ.

ಉತ್ತರ ಬಂದ ಮೇಲೆ ಅದು ಲೋಕದಲ್ಲಿ ಸಾಧ್ಯವೇ ಎಂದೂ ನೋಡಿ. 2 ಮೋಲ್ ಎಂದು ಸರಿಯಾಗಿ ಕಂಡುಹಿಡಿದು, ಸುಮ್ಮನಿರಲಾರದೆ 6.022 × 10²³ರಿಂದ ಗುಣಿಸಿ, ‘1.2 × 10²⁴ ಮೋಲ್’ ಎಂದು ಬರೆದ ಉತ್ತರಪತ್ರಿಕೆಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅಷ್ಟು ಮೋಲ್ ನೀರಿನ ತೂಕ ಸುಮಾರು 2.2 × 10²² ಕಿಲೋಗ್ರಾಂ. ಚಂದ್ರನ ಒಟ್ಟು ರಾಶಿಯ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಆ ಬೀಕರಿನಲ್ಲಿ ಕುಳಿತಿದೆ! 1.2 × 10²⁴ ಎಂಬುದು ಅಣುಗಳ ಸಂಖ್ಯೆ, ಮೋಲ್‌ಗಳದ್ದಲ್ಲ. ಮೋಲ್‌ಗಳು ಕೈಬೆರಳ ಲೆಕ್ಕಕ್ಕೆ ಸಿಗುವಂಥ ಸಂಖ್ಯೆಗಳು. ಕಣಗಳು ದೈತ್ಯ ಸಂಖ್ಯೆಗಳು. ಮೋಲ್‌ನಿಂದ ಕಣಕ್ಕೆ ಹೋಗುವಾಗ ಗುಣಾಕಾರ, ಕಣದಿಂದ ಮೋಲ್‌ಗೆ ಬರುವಾಗ ಭಾಗಾಕಾರ. ಬೇಡವೆಂದರೂ ಸೂತ್ರ ಕೊಟ್ಟಂತಾಯಿತು.

ಇನ್ನೊಂದು ಗುಂಡಿ ಆಕ್ಸಿಜನ್‌ನದು. 8 ಗ್ರಾಂ ಆಕ್ಸಿಜನ್ ಅನಿಲದಲ್ಲಿ ಎಷ್ಟು ಪರಮಾಣುಗಳಿವೆ? ಅನಿಲದ ಅಣುವಿನಲ್ಲಿ ಎರಡು ಪರಮಾಣುಗಳಿರುವುದರಿಂದ ಅದರ ಮೋಲಾರ್ ರಾಶಿ, ಅಂದರೆ ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೆ ಎಂಬುದು, 32. ಆದ್ದರಿಂದ 0.25 ಮೋಲ್ ಅಣುಗಳು, ಅಂದರೆ ಸುಮಾರು 1.5 × 10²³ ಅಣುಗಳು. ಬಹಳ ಮಂದಿ ಇಲ್ಲಿಗೇ ಪೆನ್ನು ಮುಚ್ಚುತ್ತಾರೆ. ಕೇಳಿದ್ದು ಪರಮಾಣು, ಇನ್ನೊಮ್ಮೆ ಎರಡರಿಂದ ಗುಣಿಸಿದರೆ 3.01 × 10²³. ‘ಒಂದು ಮೋಲ್ ಆಕ್ಸಿಜನ್’ ಎಂದು ಯಾರಾದರೂ ಹೇಳಿದರೆ ಪರಮಾಣುವೋ ಅಣುವೋ ಎಂದು ತಿರುಗಿ ಕೇಳುವ ಹಕ್ಕು ನಿಮಗಿದೆ.

ಇಷ್ಟು ಕೈಗೆ ಹತ್ತಿದರೆ ಮೋಲ್ ನಿಜಕ್ಕೂ ಯಾವ ಕೆಲಸಕ್ಕೆ ಎಂಬುದನ್ನು ಅಡುಗೆಮನೆಯ ಸಿಲಿಂಡರಿನಲ್ಲಿ ನೋಡಬಹುದು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ, ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಲೆಕ್ಕಕ್ಕಾಗಿ ಎಲ್ಲವೂ ಬ್ಯೂಟೇನ್ ಎಂದುಕೊಳ್ಳೋಣ. ಅದು ಪೂರ್ತಿ ಉರಿದು ಮುಗಿದಾಗ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಿರುತ್ತದೆ? 14.2 ಕಿಲೋಗಿಂತ ಕಡಿಮೆ ಎಂದೇ ಹೆಚ್ಚಿನವರ ಊಹೆ. ಬ್ಯೂಟೇನ್ ಅಣುವಿನಲ್ಲಿ ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್. ಮೋಲಾರ್ ರಾಶಿ 58. ಆದ್ದರಿಂದ 14,200 ಗ್ರಾಂ ಎಂದರೆ ಸುಮಾರು 245 ಮೋಲ್. ಎರಡು ಬ್ಯೂಟೇನ್ ಹದಿಮೂರು ಆಕ್ಸಿಜನ್ ಜೊತೆ ಉರಿದರೆ ಎಂಟು ಕಾರ್ಬನ್ ಡೈಆಕ್ಸೈಡ್, ಹತ್ತು ನೀರು; ಅಂದರೆ ಒಂದು ಬ್ಯೂಟೇನ್‌ಗೆ ನಾಲ್ಕು ಕಾರ್ಬನ್ ಡೈಆಕ್ಸೈಡ್. 245ರ ನಾಲ್ಕರಷ್ಟು 980 ಮೋಲ್, ಮೋಲ್‌ಗೆ 44 ಗ್ರಾಂನಂತೆ ಸುಮಾರು 43 ಕಿಲೋ! ತುಂಬಿಸಿದ್ದರ ಮೂರರಷ್ಟು. ಹೆಚ್ಚುವರಿ ತೂಕ ಗಾಳಿಯಿಂದ ಬಂದ ಆಕ್ಸಿಜನ್‌ನದು, ಅದೇ ಹತ್ತಿರ ಹತ್ತಿರ 51 ಕಿಲೋ. ಜೊತೆಗೆ 22 ಕಿಲೋ ನೀರು ಹಬೆಯಾಗಿ ಕಿಟಕಿ ದಾಟಿರುತ್ತದೆ. ಬ್ಯೂಟೇನ್ ಬದಲು ಪ್ರೊಪೇನ್ ಹಿಡಿದು ಮಾಡಿದರೂ ಕಾರ್ಬನ್ ಡೈಆಕ್ಸೈಡ್ ಅರ್ಧ ಕಿಲೋದಷ್ಟು ಮಾತ್ರ ವ್ಯತ್ಯಾಸವಾಗುತ್ತದೆ, ಮಾಡಿ ನೋಡಿ.

ಇಲ್ಲಿ ನಡೆದ ದಾರಿಯನ್ನು ಗಮನಿಸಿ: ಗ್ರಾಂನಿಂದ ಮೋಲ್‌ಗೆ, ಆ ಮೋಲ್‌ನಿಂದ ಸಮೀಕರಣದ ಅನುಪಾತದ ಮೂಲಕ ಇನ್ನೊಂದು ವಸ್ತುವಿನ ಮೋಲ್‌ಗೆ, ಅಲ್ಲಿಂದ ಮತ್ತೆ ಗ್ರಾಂಗೆ. ಗ್ರಾಂನಿಂದ ಗ್ರಾಂಗೆ ಅಡ್ಡದಾರಿ ಇಲ್ಲ. ಸಮೀಕರಣದಲ್ಲಿರುವ 2, 13, 8, 10 ಎಂಬ ಅಂಕಿಗಳನ್ನು ಗ್ರಾಂಗಳಿಗೆ ನೇರವಾಗಿ ಹಚ್ಚುವುದೇ ನಾನು ಕಂಡ ಅತಿ ಸಾಮಾನ್ಯ ತಪ್ಪು. ಇಡೀ ಲೆಕ್ಕದಲ್ಲಿ 6.022 × 10²³ ಒಮ್ಮೆಯೂ ಬರಲಿಲ್ಲ ಎಂಬುದನ್ನೂ ನೋಡಿ. ಕಣಗಳ ಸಂಖ್ಯೆಯನ್ನೇ ಕೇಳದ ಹೊರತು ಅದನ್ನು ಮುಟ್ಟುವ ಅಗತ್ಯವಿಲ್ಲ.

ಅನಿಲದ ಗಾತ್ರದ ಲೆಕ್ಕಗಳಲ್ಲಿ ಒಂದು ಕಡೆ 22.4 ಲೀಟರ್, ಇನ್ನೊಂದು ಕಡೆ 22.7 ಲೀಟರ್ ಎಂದಿರುವುದು ಮುದ್ರಣದೋಷವಲ್ಲ. ಎರಡೂ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲ್ ಅನಿಲದ ಗಾತ್ರವೇ. ಮೊದಲನೆಯದು ಒಂದು ಅಟ್ಮಾಸ್ಫಿಯರ್ ಒತ್ತಡದಲ್ಲಿ, ಎರಡನೆಯದು ಒಂದು ಬಾರ್ ಒತ್ತಡದಲ್ಲಿ. ಪ್ರಶ್ನೆಯಲ್ಲಿ ಕೊಟ್ಟದ್ದನ್ನು ಬಳಸಿ.

ಕೈ ಪಳಗಿಸಿಕೊಳ್ಳಲು ಒಂದು ಲೆಕ್ಕ. 25 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಕರಗಲು ಎಷ್ಟು ಗ್ರಾಂ ಹೈಡ್ರೋಜನ್ ಕ್ಲೋರೈಡ್ ಬೇಕು, ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಮೋಲಾರ್ ರಾಶಿಗಳು ಕ್ರಮವಾಗಿ 100, 36.5 ಮತ್ತು 44. ಅನಿಲ 11 ಗ್ರಾಂ, ಆಮ್ಲ 18.25 ಗ್ರಾಂ ಬರಬೇಕು. ಆಮ್ಲ 9.125 ಗ್ರಾಂ ಬಂದಿದ್ದರೆ ಸಮೀಕರಣವನ್ನು ಸರಿದೂಗಿಸದೆ ಲೆಕ್ಕಕ್ಕೆ ಇಳಿದಿದ್ದೀರಿ ಎಂದರ್ಥ. ಬೇರೇನಾದರೂ ಬಂದರೆ ಹಂತಹಂತವಾಗಿ, ಮಾನಗಳ ಸಮೇತ ಇಲ್ಲೇ ಕೆಳಗೆ ಬರೆಯಿರಿ, ನೋಡುತ್ತೇನೆ.