ಹಿಮ್ಮಡಿ ನೋವು, ಅಡುಗೆಕಟ್ಟೆ ಮತ್ತು ಬಾಗಿಲು ದಾಟದ ಚಪ್ಪಲಿ

ಹಿಮ್ಮಡಿ ನೋವು ಆಪ್ತಸಲಹೆಯ ವಿಷಯವೇ ಎಂದು ಕೇಳುವವರಿದ್ದಾರೆ. ಕೊಪ್ಪಳ ಜಿಲ್ಲೆಯಲ್ಲಿ ಬಿಪಿ, ಸಕ್ಕರೆ ತಪಾಸಣೆಗೆಂದು ಬರುವ ನಲವತ್ತು ದಾಟಿದ ಹೆಣ್ಣುಮಕ್ಕಳನ್ನು "ಮತ್ತೇನು ತೊಂದರೆ?" ಎಂದು ಕೇಳಿ ನೋಡಿ, ಹಿಮ್ಮಡಿಯ ಮಾತು ಬಾರದೆ ಇರುವುದು ಅಪರೂಪ. ಗುಳಿಗೆ ಬರೆಸಿಕೊಂಡಿರುತ್ತಾರೆ. "ವಿಶ್ರಾಂತಿ ತಗೊಳ್ರಿ, ಮೆತ್ತನ ಚಪ್ಪಲಿ ಹಾಕ್ಕೊಳ್ರಿ" ಎಂದೂ ಹೇಳಿಸಿಕೊಂಡಿರುತ್ತಾರೆ. ಆ ಎರಡು ಮಾತು ಮನೆ ಮುಟ್ಟಿದ ಮೇಲೆ ಏನಾದವು ಎಂದು ಕೇಳುವವರು ಕಡಿಮೆ. ಅದಕ್ಕೇ ಈ ಪ್ರಕರಣ. ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರ ಬದಲಿಸಿ ಬರೆದಿದ್ದೇನೆ.

ಆಕೆಗೆ 46 ವರ್ಷ. ಬೆಳಗ್ಗೆ ಮನೆಯಲ್ಲಿ ಎಂಟು ಮಂದಿಗೆ ರೊಟ್ಟಿ, ಆಮೇಲೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಎಂಟು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರಿದರೆ "ಮೊಳಿ ಚುಚ್ಚಿದಂಗ ಆಕ್ಕೈತ್ರಿ". ನಾಲ್ಕು ಹೆಜ್ಜೆ ಹಾಕಿದರೆ ಸಡಿಲ, ಸಂಜೆಗೆ ಮತ್ತೆ ಅದೇ. ಹಿಮ್ಮಡಿಗೆ ಎರಡು ಸ್ಟಿರಾಯ್ಡ್ ಇಂಜೆಕ್ಷನ್ ಆಗಿದ್ದವು. ಬಿಪಿ ಇದ್ದರೂ ಔಷಧ ಅಂಗಡಿಯಿಂದ ನೋವಿನ ಗುಳಿಗೆ ಬಿಡಿಯಾಗಿ ತಂದು ನುಂಗುತ್ತಿದ್ದಳು. ಸಕ್ಕರೆ ಕಾಯಿಲೆ ಇಲ್ಲ. ನನ್ನ ಬಳಿ ಆಪ್ತಸಲಹೆಗೆ ಕಳಿಸಿದ್ದು ಕಾಲಿಗಾಗಿ ಅಲ್ಲ, ನಿದ್ದೆ ಬರುತ್ತಿಲ್ಲ ಎಂದು. ಕೆದಕಿದಾಗ ಸಿಕ್ಕಿದ್ದು ಒಂದೇ ಮಾತು: "ಎಕ್ಸ್‌ರೇದಾಗ ಎಲುಬು ಬೆಳದೈತಂತ. ಇನ್ನ ಆಪ್ರೇಶನ್ನಾ ಗತಿ. ನಾ ಮಲಗಿದ್ರ ಮನಿ ಯಾರು ನೋಡ್ತಾರ್ರೀ?"

ಈ "ಎಲುಬು ಬೆಳದೈತಿ" ಎಂಬುದು ನಮ್ಮ ಕಡೆ ನೋವಿಗಿಂತ ಹೆಚ್ಚು ಜನರನ್ನು ಮಲಗಿಸುತ್ತದೆ. ಹಿಮ್ಮಡಿ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಹಾದುಹೋಗುತ್ತದೆ. ಹಿಮ್ಮಡಿಗೆ ಅದು ಅಂಟಿಕೊಂಡ ಜಾಗದ ಮೇಲೆ ಭಾರ ಬಿದ್ದು ಬಿದ್ದು ಹಾಳಾಗುವುದೇ ಪ್ಲಾಂಟರ್ ಫ್ಯಾಸಿಯೈಟಿಸ್. ವೈದ್ಯರು ಆಕೆಯ ಚೀಟಿಯಲ್ಲಿ ಬರೆದದ್ದೂ ಅದನ್ನೇ. ರಾತ್ರಿ ಪಾದ ಕೆಳಮುಖವಾಗಿ ಚಾಚಿಕೊಂಡಿದ್ದು ಪಟ್ಟಿ ಮುದುಡಿರುತ್ತದೆ, ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಜಗ್ಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಎಲುಬಿನ ಮೊನೆ, ಕಾಲು ನೋಯದವರಲ್ಲೂ ಬೇಕಾದಷ್ಟು ಮಂದಿಗೆ ಇರುತ್ತದೆ. ಮೊನೆ ಹಾಗೇ ಇದ್ದು ನೋವು ಹೋಗುತ್ತದೆ. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ವರ್ಷದೊಳಗೆ ಗುಣವಾಗುತ್ತದೆ. ಇಷ್ಟು ತಿಳಿಸಿದ ಮೇಲೆ ನಿದ್ದೆ ಸುಧಾರಿಸಿತು, ಹಿಮ್ಮಡಿ ಸುಧಾರಿಸಲಿಲ್ಲ.

ಮುಂದಿನ ಭೇಟಿಗೆ ಅತ್ತೆಯೂ ಬಂದರು. ಚಪ್ಪಲಿಯ ಮಾತು ಬಂದಾಗ ಸೊಸೆ, "ಹಾಕ್ಕೊಂತೀನ್ರಿ" ಎಂದಳು. ಸುಳ್ಳಲ್ಲ, ಸಂತೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದಳು. "ಮನೆಯೊಳಗೆ?" ಎಂದರೆ ತಲೆ ತಗ್ಗಿಸಿದಳು. ಉತ್ತರ ಕೊಟ್ಟದ್ದು ಅತ್ತೆ: "ಡಾಕ್ಟ್ರು ಏನರ ಹೇಳ್ಲಿ, ಒಲಿ ಮುಂದ ಚಪ್ಪಲ್ ಮೆಟ್ಟಿ ರೊಟ್ಟಿ ಬಡಿಯೋದು ನಮ್ಮ ಮನ್ಯಾಗ ಆಗಂಗಿಲ್ಲ."

ಎಂಟು ತಿಂಗಳ ಔಷಧ ಸೋತದ್ದು ಇಲ್ಲಿ. ದಿನಕ್ಕೆ ಮೂರು ತಾಸು ಆಕೆ ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ನಿಲ್ಲುತ್ತಿದ್ದಳು, ಶಾಲೆಯಲ್ಲಿ ನಿಲ್ಲುವುದು ಬೇರೆ. ಸಂತೆಗೆ ಹೋಗುವ ಅರ್ಧ ತಾಸಿಗೆ ಮಾತ್ರ ಮೆತ್ತನೆಯ ಚಪ್ಪಲಿ.

ಅತ್ತೆಯನ್ನು ಕೇಳಿದೆ: "ಅಮ್ಮಾರ, ನೀವು ರೊಟ್ಟಿ ಬಡಿವಾಗ ಒಲಿ ಎಲ್ಲಿತ್ರಿ?"

"ನೆಲದ ಮ್ಯಾಲ. ಕುಂತು ಬಡೀತಿದ್ವಿ."

"ಈಗ?"

"ಈಗ ಕಟ್ಟಿ ಮಾಡಿಸ್ಯಾರಲ್ರಿ, ಗ್ಯಾಸ್ ಬಂದಮ್ಯಾಲ. ನಿಂತಾ ಬಡಿಯೋದು." ತುಸು ತಡೆದು ಅವರೇ ಅಂದರು: "ಹಿಂಗ ತಾಸುಗಟ್ಲೆ ನಿಂದ್ರೋದು ನಮ್ಮ ಕಾಲಕ್ಕ ಇರ್ಲಿಲ್ಲ ಬಿಡ್ರಿ."

ನಾನು ಏನೂ ಸೇರಿಸಲಿಲ್ಲ. ಒಲೆ ಮೇಲೆ ಹೋಯಿತು, ನಿಯಮ ನೆಲದ ಮೇಲೇ ಉಳಿಯಿತು ಎಂಬುದು ಅವರಿಗೆ ಹೊಳೆದಿತ್ತು. ಸ್ವಲ್ಪ ಹೊತ್ತಿಗೆ, "ಕೌದಿ ನಾಕ್ ಮಡಿಕಿ ಹಾಕಿ ಅದರ ಮ್ಯಾಲ ನಿಂತ್ರ ಆಗಂಗಿಲ್ಲೇನು?" ಎಂದರು. ಒಳ್ಳೆಯ ಯೋಚನೆಯೇ. ಆದರೆ ಕೌದಿ ನಿಂತಲ್ಲೇ ಚಪ್ಪಟೆಯಾಗುತ್ತದೆ, ಗ್ರಾನೈಟ್ ಮೇಲೆ ನೀರು ಬಿದ್ದರೆ ಜಾರುತ್ತದೆ, ಅಂಗಾಲಿನ ಕಮಾನಿಗೆ ಆಸರೆ ಕೊಡುವುದಿಲ್ಲ. ಕೊನೆಗೆ ಒಪ್ಪಂದ ಆದದ್ದು ಹೀಗೆ: ಹೊಸ ಜೊತೆ ಚಪ್ಪಲಿ, ಅಂಗಡಿಯಿಂದ ಬಂದದ್ದೇ ತೊಳೆದು ಒಳಗೆ. "ಹೊರಗಿಂದು ಒಳಗ ಬರಬಾರ್ದು, ಒಳಗಿಂದು ಬಾಗ್ಲಾ ದಾಟಬಾರ್ದು. ದೇವರ ಜಗಲಿ ಮುಂದ ಬಿಚ್ಚಬೇಕು." ಷರತ್ತು ಹಾಕಿದವರು ಅತ್ತೆ. ಆದ್ದರಿಂದ ಅದು ನಡೆಯಿತು.

ಇದನ್ನು ಕೇಳಿದ ಕೆಲವರು, ಮೂಢನಂಬಿಕೆ ಎಂದು ನೇರವಾಗಿ ಹೇಳಬೇಕಿತ್ತು ಎಂದರು. ಹೇಳಬಹುದಿತ್ತು. ಅತ್ತೆ ಎದ್ದು ಹೋಗುತ್ತಿದ್ದರು, ಅದರ ಬೆಲೆಯನ್ನು ಅಂದೇ ಸಂಜೆ ಸೊಸೆ ತೆರಬೇಕಿತ್ತು. ನಾನು ಕುರ್ಚಿಯಲ್ಲಿ ಕೂತು ಗೆಲ್ಲುವ ವಾದ ಆಕೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಚಪ್ಪಲಿ ಆರಿಸುವುದನ್ನೂ ಕೂತು ಹೇಳಬೇಕಾಯಿತು, ಏಕೆಂದರೆ "ಮೆತ್ತಗಿನದು" ಎಂದರೆ ಅಂಗಡಿಯವರು ಸ್ಪಂಜಿನಂಥದ್ದು ಕೊಡುತ್ತಾರೆ, ತಿಂಗಳಲ್ಲಿ ಹಿಮ್ಮಡಿಯ ಜಾಗ ಕುಳಿ ಬೀಳುತ್ತದೆ. ಹೆಬ್ಬೆರಳಿಂದ ಒತ್ತಿದರೆ ತುಸು ತಗ್ಗಿ ಮೇಲೇಳಬೇಕು. ಎರಡು ತುದಿ ಹಿಡಿದು ಬಗ್ಗಿಸಿದರೆ ಬೆರಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಬಾರದು. ಹಿಮ್ಮಡಿ ಭಾಗ ಮುಂಭಾಗಕ್ಕಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರಲಿ, ಹಿಂದೆ ಪಟ್ಟಿ ಇರಲಿ, ತಳ ಒದ್ದೆ ನೆಲ ಹಿಡಿಯಲಿ. ಕೊಳ್ಳಲು ಸಂಜೆ ಹೋಗಬೇಕು. ದಿನದ ಕೊನೆಗೆ ಪಾದ ಸ್ವಲ್ಪ ಊದಿರುತ್ತದೆ, ಬೆಳಗ್ಗೆ ಸರಿಯಾದ ಅಳತೆ ಸಂಜೆ ಬಿಗಿಯಾಗುತ್ತದೆ.

ವ್ಯಾಯಾಮ ಕಲಿಸಿದ್ದು ಫಿಸಿಯೋಥೆರಪಿಸ್ಟ್. ಅದು ಆಕೆಯ ದಿನದಲ್ಲಿ ಎಲ್ಲಿ ಕೂಡುತ್ತದೆ ಎಂದು ನೋಡಿದ್ದು ನನ್ನ ಕೆಲಸ. ಹಾಸಿಗೆ ಬಿಡುವ ಮುಂಚೆ, ಹೆಜ್ಜೆ ಊರುವ ಮುಂಚೆ: ಎದ್ದು ಕೂತು ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಹಾಕಿ, ಐದೂ ಬೆರಳುಗಳನ್ನು ಕೈಯಿಂದ ಕಾಲಿನ ಮುಂಭಾಗದ ಎಲುಬಿನ ಕಡೆ ಹಿಂದಕ್ಕೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳಿಗೆ ಅಂಗಾಲಿನಲ್ಲಿ ಹುರಿ ಬಿಗಿದದ್ದು ಸಿಗಬೇಕು. ಸಿಗದಿದ್ದರೆ ಎಳೆದದ್ದು ಸಾಲದು. 10 ಸೆಕೆಂಡ್ ಹಿಡಿದು ಬಿಡುವುದು, 10 ಸಲ. ದಿನಕ್ಕೆ ಮೂರು ಬಾರಿ: ಏಳುವಾಗ, ಶಾಲೆಯಲ್ಲಿ ಮಕ್ಕಳ ಊಟವಾದ ಮೇಲೆ, ರಾತ್ರಿ ಟಿವಿ ಮುಂದೆ. ಬಹಳಷ್ಟು ಮಂದಿ ಬಚ್ಚಲಿಗೆ ಹೋಗಿ ಬಂದು ಮಾಡುತ್ತಾರೆ. ಅಷ್ಟರಲ್ಲಿ ಪಟ್ಟಿ ಜಗ್ಗಿ ಆಗಿರುತ್ತದೆ.

ಮೂರು ವಾರದ ನಂತರ ಬಲ ಕೂಡಿಸುವುದು. ಮೆಟ್ಟಿಲ ಅಂಚಿನಲ್ಲಿ ಟವೆಲ್ ಸುರುಳಿ ಇಟ್ಟು ಅದರ ಮೇಲೆ ಬೆರಳಿಟ್ಟು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು: ಏರಲು 3 ಸೆಕೆಂಡ್, ಮೇಲೆ 2, ಇಳಿಯಲು 3. ಹನ್ನೆರಡು ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ, ರೂಢಿಯಾದ ಮೇಲೆ ಒಂದೇ ಕಾಲಲ್ಲಿ. ಮಾಡುವಾಗ ತುಸು ನೋವಾದರೆ ಪರವಾಗಿಲ್ಲ. ಮರುದಿನದ ಮೊದಲ ಹೆಜ್ಜೆ ಹೆಚ್ಚು ನೋಯ್ದರೆ ಸುತ್ತು ಕಡಿಮೆ ಮಾಡಬೇಕು. ಬಿಡಿ ಗುಳಿಗೆ ನಿಲ್ಲಿಸಲು ಕಟ್ಟುನಿಟ್ಟಾಗಿ ಹೇಳಿದೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ಬಿಪಿ ಏರಿಸಬಹುದು, ಕೆಲವು ಬಿಪಿ ಗುಳಿಗೆಗಳ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂರನೇ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಮತ್ತೆ ಕೇಳಿಸಿದೆ. ಸ್ಟಿರಾಯ್ಡ್‌ನ ಉಪಶಮನ ಕೆಲವು ವಾರಗಳದ್ದು, ಪದೇ ಪದೇ ಚುಚ್ಚಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿದೆ.

ಹೊರಡುವಾಗ ಅತ್ತೆ, "ಇಟ್ಟಂಗಿ ಕಾಸಿ ಎಕ್ಕಿ ಎಲಿ ಇಟ್ಟು ಒತ್ತಬೌದಲ್ರಿ? ನಾ ದಿನಾ ಒತ್ಕೊಂತೀನಿ" ಎಂದರು. ಅವರಿಗೆ ಹತ್ತು ವರ್ಷದ ಸಕ್ಕರೆ ಕಾಯಿಲೆ. ಕಣ್ಣು ಮುಚ್ಚಿಸಿ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒತ್ತದೆ, ಒಂದೆರಡು ಸೆಕೆಂಡ್ ಮುಟ್ಟಿದೆ. ಆರರಲ್ಲಿ ಮೂರು ಗೊತ್ತಾಗಲಿಲ್ಲ. ಎರಡು ತಪ್ಪಿದರೇ ಸ್ಪರ್ಶ ಕುಂದಿದೆ ಎಂದು ಲೆಕ್ಕ. ಅಂಥ ಕಾಲಿಗೆ ಕಾದ ಇಟ್ಟಿಗೆ ಇಟ್ಟರೆ ಸುಟ್ಟದ್ದು ತಿಳಿಯುವುದು ಬೊಬ್ಬೆ ಒಡೆದ ಮೇಲೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಐಸ್ ಬಾಟಲಿಯೂ ಅವರಿಗೆ ಬೇಡ. ಸೊಸೆಗೆ ಆಗಬಹುದು: ಬಟ್ಟೆ ಸುತ್ತಿ, ಅಂಗಾಲಡಿ ಹತ್ತು ನಿಮಿಷ ಉರುಳಿಸುವುದು. ನೋವಿನ ಸೊಸೆಗಿಂತ ನೋವಿಲ್ಲದ ಅತ್ತೆಯನ್ನು ವೈದ್ಯರ ಬಳಿ ಮೊದಲು ಕಳಿಸಿದೆ. ಅವರು ಈಗ ಎಂಸಿಆರ್ (ಸ್ಪರ್ಶ ಕುಂದಿದ ಪಾದಕ್ಕೆ ಕೊಡುವ ಮೆತ್ತನೆ ರಬ್ಬರಿನ) ಚಪ್ಪಲಿ ಹಾಕುತ್ತಾರೆ, ಮನೆಯೊಳಗೂ.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ. ಹಿಮ್ಮಡಿಯನ್ನು ಎರಡು ಬದಿಯಿಂದ ಹಿಂಡಿದರೆ ಜೀವ ಹೋಗುವಷ್ಟು ನೋವು, ಮಲಗಿದಾಗಲೂ ನೋವು, ಜುಮುಜುಮು, ಜ್ವರದ ಜೊತೆ ಬಾವು, ಚಿಕ್ಕ ವಯಸ್ಸಿನವರಲ್ಲಿ ಬೆಳಗ್ಗೆ ಅರ್ಧ ತಾಸು ಮೀರಿ ಸೊಂಟವೂ ಬಿಗಿಯುವುದು: ಇವಕ್ಕೆ ವ್ಯಾಯಾಮ ಶುರು ಮಾಡುವ ಮುಂಚೆ ವೈದ್ಯರು ನೋಡಬೇಕು. ಕುತ್ತಿಗೆ, ಬೆನ್ನು ಬಾಗದಂತಾಗಿದ್ದರೆ ಕುಡಿಯುವ ನೀರಿನ ಫ್ಲೋರೈಡ್ ಕೂಡ ಕೇಳಿ. ನಮ್ಮ ಬೋರ್‌ವೆಲ್‌ಗಳಲ್ಲಿ ಹಲವು ಕಡೆ ಅದು ಹೆಚ್ಚಿರುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲು ಬಿಗಿಯುತ್ತವೆ.

ಐದನೇ ವಾರಕ್ಕೆ ಹಗುರಾಯಿತೆಂದು ಆಕೆ ವ್ಯಾಯಾಮ ಬಿಟ್ಟಳು, ನೋವು ಮರಳಿತು, ಮತ್ತೆ ಹಿಡಿದಳು. ಮೂರು ತಿಂಗಳಿಗೆ ಮೊದಲ ಹೆಜ್ಜೆಯ ನೋವು ಹತ್ತಕ್ಕೆ ಎಂಟಿದ್ದದ್ದು ಎರಡಕ್ಕೆ ಇಳಿಯಿತು. ಶಾಲೆಯ ಅಡುಗೆಕೋಣೆಯಲ್ಲಿ ಮಾತ್ರ ಚಪ್ಪಲಿಗೆ ಇನ್ನೂ ಒಪ್ಪಿಲ್ಲ. ಅಲ್ಲಿ ಕಾಯಿಪಲ್ಯೆ ಹೆಚ್ಚುವುದು, ಅಕ್ಕಿ ಆರಿಸುವುದು ಸ್ಟೂಲ್ ಮೇಲೆ ಕೂತು. ತುಂಬಿದ ಪಾತ್ರೆ ಇಬ್ಬರು ಸೇರಿ ಇಳಿಸುವುದು. ಒಲೆ ಮುಂದೆ ನಿಲ್ಲುವಲ್ಲಿ ಜಾರದ ರಬ್ಬರ್ ಮ್ಯಾಟಿನ ತುಂಡು, ದಿನಾ ತೊಳೆದು ಒಣಗಿಸುವುದು. ಮ್ಯಾಟಿಗೆ ಯಾರೂ ತಕರಾರು ಮಾಡಿಲ್ಲ.