ನವಿಲಿನ ಗರಿಯೂ ಮಗಳ ಮೈಬಣ್ಣವೂ

ಮಾನ್ಯರೇ,

ಗಂಗಾವತಿ ತಾಲ್ಲೂಕಿನಿಂದ ತಾವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ಕನ್ಯೆ ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯರೊಬ್ಬರು ನಿಮ್ಮ ಮಗಳ ಕಪ್ಪು ಬಣ್ಣವನ್ನು ಕಂಡು, 'ಬೆಳ್ಳಗಿರುವವರ ವಂಶವಾಹಿಗಳೇ ಉತ್ತಮ, ನಿಸರ್ಗವೂ ಚೆಲುವರನ್ನೇ ಆರಿಸುತ್ತದೆ, ಇದು ವಿಜ್ಞಾನ' ಎಂದು ಹೇಳಿ ಎದ್ದುಹೋದರೆಂದೂ, ಆ ಮಾತು ನಿಜವೇ ಎಂದೂ ಕೇಳಿದ್ದೀರಿ. ನಿಜವಲ್ಲ. ಆದರೆ ವಿಜ್ಞಾನದ ಹೆಸರಿನಲ್ಲಿ ಆಡಿದ ಮಾತಿಗೆ ವಿಜ್ಞಾನದಿಂದಲೇ ಉತ್ತರ ಸಿಗಬೇಕು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದು ಎಷ್ಟಿರಬೇಕೆಂಬುದನ್ನು ಒಂದಲ್ಲ, ಅನೇಕ ವಂಶವಾಹಿಗಳು ಕೂಡಿ ತೀರ್ಮಾನಿಸುತ್ತವೆ. ಅವುಗಳಲ್ಲಿ ಎಸ್‌ಎಲ್‌ಸಿ24ಎ5 ಎಂಬುದರ ಪಾತ್ರ 2005ರಲ್ಲಿ ಜೀಬ್ರಾ ಮೀನುಗಳ ಅಧ್ಯಯನದಿಂದ ಬೆಳಕಿಗೆ ಬಂತು. ಅದರ ಒಂದು ರೂಪ ಮೈಬಣ್ಣವನ್ನು ತಿಳಿಯಾಗಿಸುತ್ತದೆ. ಯುರೋಪಿನ ಬಹುತೇಕ ಎಲ್ಲರಲ್ಲೂ ಇರುವ ಆ ರೂಪ ಭಾರತದಲ್ಲಿಯೂ ಹೇರಳವಾಗಿದೆ, ತಮ್ಮ ಮಗಳಲ್ಲಿಯೂ ಇರಬಹುದು. ಬಣ್ಣಗಳು ಬೇರೆಬೇರೆಯಾದದ್ದಕ್ಕೆ ಮುಖ್ಯ ಕಾರಣ ಸೂರ್ಯನೆಂಬುದು ಇಂದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ತೀವ್ರವಾದ ನೇರಳಾತೀತ ಕಿರಣಗಳು ದೇಹದ ಫೋಲೇಟ್ ಎಂಬ ಜೀವಸತ್ವವನ್ನು ಹಾಳುಮಾಡುತ್ತವೆ. ಗರ್ಭದಲ್ಲಿರುವ ಶಿಶುವಿನ ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಅದೇ ಬೇಕು. ಮೆಲನಿನ್ ಹೆಚ್ಚಿರುವ ಕಪ್ಪು ಚರ್ಮ ಆ ಕಿರಣಗಳನ್ನು ತಡೆಯುತ್ತದೆ. ಬಿಸಿಲು ಕಡಿಮೆ ಇರುವ ಉತ್ತರದ ದೇಶಗಳಲ್ಲಿ ಇದಕ್ಕೆ ವಿರುದ್ಧವಾದ ಒತ್ತಡವಿತ್ತು: ಅಲ್ಲಿ ವಿಟಮಿನ್ ಡಿ ತಯಾರಾಗಲು ತಿಳಿ ಚರ್ಮ ನೆರವಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಏಪ್ರಿಲ್ ತಿಂಗಳ ಬಿಸಿಲನ್ನು ಬಲ್ಲವರಿಗೆ, ಕಪ್ಪು ಮೈ ಇಲ್ಲಿ ಕೊರತೆಯಲ್ಲ, ರಕ್ಷಣೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ನಿಸರ್ಗದ ಆಯ್ಕೆಯ ಮಾತು. ಆ ಹಿರಿಯರು ಎರಡು ಸಂಗತಿಗಳನ್ನು ಬೆರೆಸಿದ್ದಾರೆ. ಬದುಕಿ ಉಳಿಯುವುದಕ್ಕೆ ನೆರವಾಗುವ ಗುಣ ಉಳಿಯುವುದು ನಿಸರ್ಗದ ಆಯ್ಕೆ. ಸಂಗಾತಿಗೆ ಮೆಚ್ಚುಗೆಯಾಗುವ ಗುಣ ಉಳಿಯುವುದು ಲೈಂಗಿಕ ಆಯ್ಕೆ. ನವಿಲಿನ ಗರಿಯನ್ನು ನೋಡಿದರೆ ತನಗೆ ಸಂಕಟವಾಗುತ್ತದೆಂದು ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಸ್ನೇಹಿತರಿಗೆ ಬರೆದಿದ್ದ, ಏಕೆಂದರೆ ಅಷ್ಟು ಭಾರದ ಬಾಲ ಬದುಕುವುದಕ್ಕೆ ತೊಡಕೇ ಹೊರತು ನೆರವಲ್ಲ. ಹೆಣ್ಣಿನ ಮೆಚ್ಚುಗೆಯೇ ಆ ಬಾಲವನ್ನು ಬೆಳೆಸಿತೆಂಬ ಉತ್ತರವನ್ನು ಅವನು 1871ರಲ್ಲಿ ಮುಂದಿಟ್ಟ. ಆ ಮೆಚ್ಚುಗೆ ಏನನ್ನು ಸೂಚಿಸುತ್ತದೆ ಎಂಬ ವಾದ ಇನ್ನೂ ನಡೆದಿದೆ. ಭಾರವಾದ ಬಾಲವನ್ನು ಹೊತ್ತೂ ಬದುಕಿರುವ ಗಂಡು ಬಲಶಾಲಿಯೇ ಇರಬೇಕು ಎಂದು 1975ರಲ್ಲಿ ಇಸ್ರೇಲಿನ ಜೀವವಿಜ್ಞಾನಿ ಅಮೋಟ್ಜ್ ಜಹಾವಿ ವಾದಿಸಿದರು. ಅದಕ್ಕೂ ಮೊದಲೇ, 1930ರಲ್ಲಿ, ಬ್ರಿಟನ್ನಿನ ವಿಜ್ಞಾನಿ ರೊನಾಲ್ಡ್ ಫಿಶರ್ ಹೇಳಿದ್ದು ಬೇರೆ: ಉದ್ದ ಬಾಲ ಮಗನಿಗೂ, ಉದ್ದ ಬಾಲದ ಮೇಲಿನ ಮೋಹ ಮಗಳಿಗೂ ಒಟ್ಟಿಗೇ ಇಳಿದು ಬರುವುದರಿಂದ, ಮೆಚ್ಚುಗೆ ಮೆಚ್ಚುಗೆಯನ್ನೇ ಹೆಚ್ಚಿಸುತ್ತಾ ಹೋಗಬಲ್ಲದು. ಫಿಶರ್ ಹೇಳಿದಂತೆ ಬೆಳೆದ ಚೆಲುವು ಆರೋಗ್ಯದ ಗುರುತಾಗಿರಲೇಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು ಗರಿಯ ಕಣ್ಣುಗಳು ಹೆಚ್ಚಿರುವ ನವಿಲನ್ನೇ ಹೆಣ್ಣುಗಳು ಒಲಿಯುತ್ತವೆ ಎಂದರೆ, ಜಪಾನಿನಲ್ಲಿ ಏಳು ವರ್ಷ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅಂಥ ಒಲವೇ ಕಾಣಲಿಲ್ಲ. ನವಿಲಿನ ವಿಷಯವೇ ಹೀಗಿರುವಾಗ ಮನುಷ್ಯರ ವಿಷಯದಲ್ಲಿ ಯಾರೂ ಅಷ್ಟು ಖಚಿತವಾಗಿ ತೀರ್ಪು ಕೊಡಬಾರದು.

ಮನುಷ್ಯರ ಮುಖದ ಬಗ್ಗೆ ತಿಳಿದಿರುವ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. 1990ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಹಲವರ ಭಾವಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಸರಾಸರಿ ಮುಖವೊಂದನ್ನು ತಯಾರಿಸಿದಾಗ, ನೋಡಿದವರು ಬಿಡಿ ಮುಖಗಳಲ್ಲಿ ಹೆಚ್ಚಿನವುಗಳಿಗಿಂತ ಅದನ್ನೇ ಚೆಲುವೆಂದರು. ಚೆಲುವು ಕೆಲವೇ ಮನೆತನಗಳಿಗೆ ಸೇರಿದ ಅಪರೂಪದ ಆಸ್ತಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಕಣ್ಣು ಪದೇ ಪದೇ ನೋಡಿದ ಮುಖಗಳಿಂದ ಈ ಸರಾಸರಿಯನ್ನು ಕಟ್ಟಿಕೊಳ್ಳುತ್ತದೆ. ಜಾಹೀರಾತುಗಳಲ್ಲಿ ದಿನವೂ ಬೆಳ್ಳನೆಯ ಮುಖಗಳನ್ನೇ ಕಂಡರೆ ಅಳತೆಗೋಲೂ ಆ ಕಡೆಗೆ ಜರುಗುತ್ತದೆ. ಕನ್ಯೆ ನೋಡುವವರು ಬಣ್ಣದ ಜೊತೆಗೆ ಅಳೆಯುವ ಎತ್ತರದ ವಿಷಯವೂ ಸರಳವಲ್ಲ: 54 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2022ರ ಅಧ್ಯಯನ 12,000ಕ್ಕೂ ಹೆಚ್ಚು ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿತು, ಪ್ರತಿಯೊಂದರ ಪಾಲೂ ಅತ್ಯಲ್ಪ. ಬಾಲ್ಯದ ಊಟದ ಪಾಲು ಇದರ ಮೇಲೆ.

ವಂಶವಾಹಿಗಳ ಬಗ್ಗೆ ಆ ಮನೆಯವರಿಗೆ ನಿಜವಾಗಿಯೂ ಕಾಳಜಿ ಇದ್ದರೆ ಅವರು ನೋಡಬೇಕಾದದ್ದು ಬೇರೆಡೆ. ನಮ್ಮ ಭಾಗದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ದೋಷಯುಕ್ತ ವಂಶವಾಹಿ ಇಬ್ಬರಲ್ಲೂ ಅಡಗಿರುವ ಸಾಧ್ಯತೆ ಹೆಚ್ಚು, ಅದು ಎರಡೂ ಕಡೆಯಿಂದ ಮಗುವಿಗೆ ಬಂದರೆ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಬಣ್ಣ ಕೇಳುವವರು ಇದನ್ನು ಕೇಳುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಬಿಳುಪಿನ ಮುಲಾಮುಗಳನ್ನು ದಯವಿಟ್ಟು ತರಬೇಡಿ. ವೈದ್ಯರ ಸಲಹೆಯಿಲ್ಲದೆ ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು ಚರ್ಮವನ್ನು ತೆಳುವಾಗಿಸುತ್ತದೆ. ಹುಟ್ಟಲಿರುವ ಮೊಮ್ಮಕ್ಕಳ ಬಣ್ಣವನ್ನು ಯಾರೂ ಮೊದಲೇ ಹೇಳಲಾರರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಕಪ್ಪು, ಒಬ್ಬರು ಎಣ್ಣೆಗೆಂಪು ಆಗಿರುವುದನ್ನು ತಾವೇ ನೋಡಿರುತ್ತೀರಿ.

ಪತ್ರದ ಕೊನೆಯಲ್ಲಿ, ಬೇರೆ ಕೈಬರಹದಲ್ಲಿ, ತಮ್ಮ ಮಗಳು ಒಂದು ಸಾಲು ಸೇರಿಸಿದ್ದಾರೆ: 'ನವಿಲುಗಳಲ್ಲಿ ಆರಿಸುವವಳು ಹೆಣ್ಣೇ ಅಲ್ಲವೇ?' ಹೌದಮ್ಮ. ಡಾರ್ವಿನ್ನನ ಮಾತಿನಲ್ಲಿ ಅವನ ಕಾಲದ ಅನೇಕರಿಗೆ ಹಿಡಿಸದೇ ಹೋದದ್ದೂ ಅದೇ. ಅವನೊಡನೆ ವಿಕಾಸವಾದವನ್ನು ಮಂಡಿಸಿದ್ದ ಆಲ್ಫ್ರೆಡ್ ವಾಲೇಸ್ ಕೂಡ ಹೆಣ್ಣಿನ ಆಯ್ಕೆಗೆ ಅಷ್ಟು ಶಕ್ತಿಯಿದೆಯೆಂದು ಒಪ್ಪಲಿಲ್ಲ. ಮನುಷ್ಯರಲ್ಲಿ ಮಾತ್ರ ಆ ಅಧಿಕಾರ ಗಂಡಿನ ಕೈಗೆ ಹೋಗಿದೆ ಎಂದು ಡಾರ್ವಿನ್ ಬರೆದ, ಅದಕ್ಕೆ ಅವನು ಕೊಟ್ಟ ಕಾರಣ ಗಂಡಿನ ಹೆಚ್ಚಿನ ಬಲ, ಹೆಣ್ಣಿನ ಅಂದಗೇಡಲ್ಲ. ತಂದೆಯವರೇ, ಮುಂದಿನ ಸಲ ಯಾರಾದರೂ ಕನ್ಯೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರೆ, ಹುಡುಗ ಮೆಚ್ಚುಗೆಯೇ ಎಂದು ಮೊದಲು ಈಕೆಯನ್ನು ಕೇಳಿ.

— ಸಂಪಾದಕ