ಎರಡು ವರ್ಷ ಓದಿ ಯೂನಿವರ್ಸಿಟಿಗೆ ಸೇರಬಹುದು ಅಂದಮೇಲೆ ಕಪ್ಪು ವಿದ್ಯಾರ್ಥಿಗಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ?

ನೀವು ಕೇಳಿದ್ದು ಇಷ್ಟು: ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದರೆ ಸರ್ಕಾರಿ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಬಹುದು, ಆದರೂ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಅಷ್ಟು ಕಡಿಮೆ ಜನ ಯಾಕೆ ದಾಟುತ್ತಾರೆ, ಸೀಟೇ ಕೊಡಲ್ವಾ ಅಂತ.

ನಾನು ನೋಡಿದ ಮಟ್ಟಿಗೆ, ಅರ್ಜಿ ಹಾಕುವ ತನಕವೂ ಬಹಳ ಜನ ಬಂದು ಮುಟ್ಟುವುದಿಲ್ಲ. ಸ್ಯಾಕ್ರಮೆಂಟೊ ಕಡೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಆರು ವರ್ಷದಿಂದ ಪಾರ್ಟ್ ಟೈಮ್ ಗಣಿತ ಟ್ಯೂಟರ್ ಆಗಿದ್ದೇನೆ. ಪ್ರೊಫೆಸರ್ ಅಲ್ಲ, ಯಾವ ಕೋರ್ಸು ತಗೋಬೇಕು ಅಂತ ಸಲಹೆ ಕೊಡುವ ಕೌನ್ಸೆಲರ್ ಅಂತೂ ಮೊದಲೇ ಅಲ್ಲ. ಅದನ್ನು ಮರೆತು ಒಮ್ಮೆ ಎಡವಟ್ಟು ಮಾಡಿದ್ದೇನೆ, ಅದು ಆಮೇಲೆ.

ಅಮೆರಿಕದಾದ್ಯಂತ ಕಮ್ಯುನಿಟಿ ಕಾಲೇಜು ಸೇರುವ ನೂರು ಜನರಲ್ಲಿ ಆರು ವರ್ಷದೊಳಗೆ ಬ್ಯಾಚುಲರ್ಸ್ ಡಿಗ್ರಿ ಮುಗಿಸುವವರು ಸುಮಾರು 16. ಕಪ್ಪು ವಿದ್ಯಾರ್ಥಿಗಳಲ್ಲಿ ಸುಮಾರು 9. ಸೇರುವ ದಿನ ಕೇಳಿ ನೋಡಿ, ಹೆಚ್ಚಿನವರು ಡಿಗ್ರಿ ಮಾಡೋಕೇ ಬಂದಿದ್ದೇವೆ ಅಂತಾರೆ.

ಕ್ಯಾಲಿಫೋರ್ನಿಯಾದ ಈಗಿನ ವ್ಯವಸ್ಥೆ 1960ರ ಮಾಸ್ಟರ್ ಪ್ಲಾನ್‌ನದ್ದು. ಹೈಸ್ಕೂಲಿನ ಮೇಲಿನ ಎಂಟನೇ ಒಂದು ಪಾಲು ಮಕ್ಕಳಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಮೇಲಿನ ಮೂರನೇ ಒಂದು ಪಾಲಿಗೆ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ), ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಅಲ್ಲಿಂದ ಮೇಲೆ ಹೋಗಲು ದಾರಿ ಇರುತ್ತೆ ಅಂತ ಮಾತು ಕೊಟ್ಟರು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರ್ತಾರಲ್ಲ, ಸುಮಾರು ಹಾಗೆ. ಆದರೆ ಇಲ್ಲಿ ಯಾವ ಕೋರ್ಸು ತಗೋಬೇಕು ಅಂತ ವಿದ್ಯಾರ್ಥಿಯೇ ಆರಿಸಬೇಕು. ಎಲ್ಲ ತೊಂದರೆ ಅಲ್ಲೇ ಶುರು.

ಮೊದಲು ಇನ್ನೂ ಕಷ್ಟ ಇತ್ತು. ಸೇರಿದ ಕೂಡಲೇ ಪ್ಲೇಸ್‌ಮೆಂಟ್ ಪರೀಕ್ಷೆ, ಅಂದರೆ ಯಾವ ಮಟ್ಟದ ಕೋರ್ಸಿಗೆ ಕೂರಿಸಬೇಕು ಅಂತ ನೋಡುವ ಪರೀಕ್ಷೆ. ಅದರಲ್ಲಿ ಕಡಿಮೆ ಬಂದರೆ ಅಂಕಗಣಿತ, ಆಮೇಲೆ ಬೀಜಗಣಿತದ ಮೆಟ್ಟಿಲುಗಳು. ಯೂನಿವರ್ಸಿಟಿ ಒಪ್ಪುವ ಗಣಿತ ಕೋರ್ಸಿಗೆ ಬರುವ ಮುಂಚೆ ಕೆಲವರಿಗೆ ಮೂರು ನಾಲ್ಕು ಮೆಟ್ಟಿಲು. ಒಂದಕ್ಕೂ ಟ್ರಾನ್ಸ್‌ಫರ್ ಕ್ರೆಡಿಟ್ ಇಲ್ಲ, ಅಂದರೆ ಯೂನಿವರ್ಸಿಟಿಗೆ ದಾಟುವಾಗ ಅವು ಲೆಕ್ಕಕ್ಕೆ ಬರುವುದಿಲ್ಲ. ಈ ಮೆಟ್ಟಿಲಿನ ತಳಕ್ಕೆ ಹೋಗಿ ಬೀಳುತ್ತಿದ್ದವರಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಅವರ ಸಂಖ್ಯೆಗೆ ಹೋಲಿಸಿದರೆ ಜಾಸ್ತಿ. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂತು. ಅದರ ಪ್ರಕಾರ ಹೈಸ್ಕೂಲಿನ ಅಂಕ ನೋಡಿ ಸೀದಾ ಟ್ರಾನ್ಸ್‌ಫರ್ ಮಟ್ಟದ ಕೋರ್ಸಿಗೇ ಕೂರಿಸಬೇಕು. ಒಳ್ಳೆಯದೇ ಆಯ್ತು. ಪಾಸಾಗುವವರ ಅಂತರ ಮಾತ್ರ ಇನ್ನೂ ಹೋಗಿಲ್ಲ.

ಈಗ ನನ್ನ ಎಡವಟ್ಟು. ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬರು, ಮೂವತ್ತು ದಾಟಿದ ಹೆಂಗಸು, ಬೆಳಿಗ್ಗೆ ಎಂಟಕ್ಕೆ ಸೇಫ್ಟಿ ಶೂನಲ್ಲೇ ನಮ್ಮ ಸೆಂಟರ್‌ಗೆ ಬರುತ್ತಿದ್ದರು. ಸೈಕಾಲಜಿ ಓದುವ ಆಸೆ. "ಯಾವ ಗಣಿತ ತಗೊಳ್ಳಲಿ?" ಅಂತ ಕೇಳಿದರು. ನಾನು ದೊಡ್ಡ ಬುದ್ಧಿವಂತನ ಹಾಗೆ, "ಕಾಲೇಜ್ ಆಲ್ಜೀಬ್ರಾ ತಗೊಳ್ಳಿ, ಎಲ್ಲದಕ್ಕೂ ಆಗುತ್ತೆ" ಅಂದೆ. ಪಾಪ, ಒದ್ದಾಡಿ ಪಾಸಾದರು. ಮುಂದಿನ ಸೆಮಿಸ್ಟರ್ ಇಬ್ಬರೂ ಕೂತು ಅಸಿಸ್ಟ್ ವೆಬ್‌ಸೈಟ್ ತೆರೆದೆವು. ಯಾವ ಕಾಲೇಜಿನ ಯಾವ ಕೋರ್ಸನ್ನು ಯಾವ ಯೂನಿವರ್ಸಿಟಿ ಒಪ್ಪುತ್ತೆ ಅಂತ ತೋರಿಸುವ ಸರ್ಕಾರಿ ಪಟ್ಟಿ ಅದು. ಸೈಕಾಲಜಿ ಸಾಲಿನಲ್ಲಿ ಇದ್ದದ್ದು ಸ್ಟಾಟಿಸ್ಟಿಕ್ಸ್. ಆಲ್ಜೀಬ್ರಾ ಒಟ್ಟು ಯೂನಿಟ್ (ಅಂದರೆ ಕ್ರೆಡಿಟ್) ಲೆಕ್ಕಕ್ಕೆ ಬಂತು, ಸೈಕಾಲಜಿಗೆ ಬೇಕಾದ ಕೋರ್ಸಿನ ಲೆಕ್ಕಕ್ಕೆ ಬರಲಿಲ್ಲ. ಅವರು ಪರದೆಯ ಮೇಲೆ ಆ ಸಾಲಿಗೆ ಬೆರಳಿಟ್ಟು, ಏನೂ ಹೇಳದೆ ಹಾಗೇ ಇಟ್ಟುಕೊಂಡಿದ್ದರು. ಮತ್ತೆ ಒಂದು ಸೆಮಿಸ್ಟರ್, ಮತ್ತೆ ಅಷ್ಟು ರಾತ್ರಿ ಪಾಳಿ. ಹತ್ತೊಂಬತ್ತರ ಹುಡುಗನಿಗೆ, ಮನೆಯಲ್ಲಿ ಓದಿದ ಅಪ್ಪ ಅಮ್ಮ ಇದ್ದರೆ, ಇದು ಸಣ್ಣ ತಪ್ಪು. ಇವರಿಗೆ ಕಾಲೇಜು ಬಿಡಲು ಇಷ್ಟೇ ಸಾಕಿತ್ತು.

ಫೀಸು ದೊಡ್ಡ ವಿಷಯ ಅಲ್ಲ. ಯೂನಿಟ್‌ಗೆ 46 ಡಾಲರ್, ಆದಾಯ ಕಡಿಮೆ ಇದ್ದರೆ ಅದೂ ಮನ್ನಾ. ಬಾಡಿಗೆ, ಕಾರು, ಮಕ್ಕಳನ್ನು ನೋಡಿಕೊಳ್ಳುವವರು, ಇವೇ ಖರ್ಚು.

ಸೀಟಿನ ಮಾತಿಗೆ ಬರುತ್ತೇನೆ. 1996ರಲ್ಲಿ ಜನರ ಮತದಿಂದ ಪ್ರೊಪೊಸಿಷನ್ 209 ಪಾಸಾಯಿತು. ಅಲ್ಲಿಂದ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಪ್ರವೇಶದಲ್ಲಿ ಜನಾಂಗ ನೋಡುವಂತಿಲ್ಲ. ಅದಾದ ಮೇಲೆ ಯುಸಿಯ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಕುಸಿದದ್ದು ನಿಜ. ಇನ್ನೊಂದು ಕಡೆ ಗ್ಯಾರಂಟಿಗಳೂ ಇವೆ. 2010ರ ಕಾನೂನಿನಂತೆ ಟ್ರಾನ್ಸ್‌ಫರ್‌ಗೆಂದೇ ಇರುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಅಂದರೆ 60 ಯೂನಿಟ್, ಮುಗಿಸಿದರೆ ಸಿಎಸ್‌ಯುನಲ್ಲಿ ಜಾಗ ಖಚಿತ. ಯಾವ ಕ್ಯಾಂಪಸ್ ಅನ್ನುವುದು ಖಚಿತ ಅಲ್ಲ! ಸ್ಯಾಕ್ರಮೆಂಟೊದಲ್ಲಿ ಮನೆ, ಕೆಲಸ ಇರುವವರಿಗೆ ಐದು ಗಂಟೆ ದೂರದ ಹಂಬೋಲ್ಟ್‌ನಲ್ಲಿ ಸೀಟಿದೆ ಅಂದರೆ ಅದು ಸೀಟಾ? ಯುಸಿಯ ಟ್ಯಾಗ್ ಅನ್ನುವ ಗ್ಯಾರಂಟಿಯೂ ಆರು ಕ್ಯಾಂಪಸ್‌ಗೆ ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಅದರಲ್ಲಿಲ್ಲ.

ನಾನು ಕಣ್ಣಾರೆ ನೋಡಿದ್ದರಲ್ಲಿ ಕೆಲಸ ಮಾಡಿದ್ದು ಉಮೋಜಾ ಅನ್ನುವ, ಮುಖ್ಯವಾಗಿ ಕಪ್ಪು ವಿದ್ಯಾರ್ಥಿಗಳ ನೆರವಿಗೆ ಇರುವ ಕಾರ್ಯಕ್ರಮ. ಸ್ವಾಹಿಲಿಯಲ್ಲಿ ಒಗ್ಗಟ್ಟು ಅಂತ ಅರ್ಥ. ಕ್ಯಾಲಿಫೋರ್ನಿಯಾದ ಹಲವು ಕಮ್ಯುನಿಟಿ ಕಾಲೇಜುಗಳಲ್ಲಿದೆ. ಒಂದೇ ಗುಂಪು ಒಟ್ಟಿಗೆ ತರಗತಿಗೆ ಹೋಗುತ್ತೆ, ಅವರಿಗೇ ಅಂತ ಒಬ್ಬ ಕೌನ್ಸೆಲರ್ ಇರ್ತಾರೆ. ಪೋರ್ಚ್ ಟಾಕ್ ಅಂತ ಒಂದಿದೆ, ಎಲ್ಲರೂ ಸುತ್ತ ಕೂತು ಮನಸ್ಸಿನಲ್ಲಿದ್ದದ್ದು ಹೇಳುವುದು. ನಮ್ಮ ಜಗಲಿ ಮಾತು ಅನ್ನಿ. ಮೇಲೆ ಹೇಳಿದ ಹೆಂಗಸು ತಾನು ಕಾಲೇಜು ಬಿಡುತ್ತೇನೆ ಅಂತ ಮೊದಲು ಬಾಯಿ ಬಿಟ್ಟದ್ದು ಅಲ್ಲೇ, ನನ್ನ ಹತ್ತಿರ ಅಲ್ಲ. ಕೌನ್ಸೆಲರ್ ಅದೇ ವಾರ ಮುಂದಿನ ಎರಡು ಸೆಮಿಸ್ಟರ್‌ನ ಪ್ಲ್ಯಾನ್ ಬರೆದು ಕೈಗೆ ಕೊಟ್ಟರು. ಆಮೇಲಿಂದ ನಾನು ಗಣಿತ ಮಾತ್ರ ಹೇಳಿಕೊಡುತ್ತೇನೆ. ಕೋರ್ಸ್ ಯಾವುದು ಅಂತ ಯಾರು ಕೇಳಿದರೂ ಅಸಿಸ್ಟ್ ತೆರೆಯುತ್ತೇನೆ, ಆಮೇಲೆ ಕೌನ್ಸೆಲರ್ ರೂಮಿನ ದಾರಿ ತೋರಿಸುತ್ತೇನೆ.

ಆಗಸ್ಟ್‌ನಲ್ಲಿ ಅವರಿಂದ ಒಂದು ಫೋಟೊ ಬಂತು. ಸ್ಯಾಕ್ ಸ್ಟೇಟ್, ಅಂದರೆ ಸ್ಯಾಕ್ರಮೆಂಟೊದ ಸಿಎಸ್‌ಯು ಕ್ಯಾಂಪಸ್‌ನ ಪಾರ್ಕಿಂಗ್ ಪರ್ಮಿಟ್‌ದು. ಕೆಳಗೆ ಬರೆದಿದ್ದರು: "ನಿಮ್ಮ ಕಾಲೇಜಿನಲ್ಲಿ ಎಲ್ಲ ಸೆಮಿಸ್ಟರ್ ಸೇರಿ ಕಟ್ಟಿದ ಫೀಸಿಗಿಂತ ಇದೇ ಜಾಸ್ತಿ."